ಬ್ಯಾಂಕಿನ ವ್ಯವಹಾರವನ್ನು ಸ್ವತಃ ಮಾಡಲು ಕಲಿಸುವ ಬಗೆ

ವಯಸ್ಕ ಕಲಿಕಾರ್ಥಿಗಳಿಗೆ ಬ್ಯಾಂಕಿನ ವ್ಯವಹಾರವನ್ನು ಕಲಿಸುವವರು ಮೊಬೈಲಿನಿಂದಲ್ಲ, ಪಾಸ್‌ಬುಕ್ಕಿನಿಂದ ಆರಂಭಿಸುವುದು ಒಳ್ಳೆಯದು. ಗೃಹಲಕ್ಷ್ಮಿಯ 2,000 ರೂಪಾಯಿ ಜಮೆಯಾದ ಸಾಲನ್ನು ಕಲಿಕಾರ್ಥಿಯೇ ಬೆರಳಿಟ್ಟು ಹುಡುಕಿ, ಜಮೆ, ಖರ್ಚು ಮತ್ತು ಉಳಿದ ಮೊತ್ತದ ಕಾಲಂಗಳನ್ನು ಬೇರೆಬೇರೆಯಾಗಿ ಗುರುತಿಸುವವರೆಗೆ ಮುಂದಕ್ಕೆ ಹೋಗಬಾರದು. ಹಣ ತೆಗೆಯುವ ಚೀಟಿಯಲ್ಲಿ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುವುದನ್ನು ನಾಲ್ಕಾರು ಸಲ ಅಭ್ಯಾಸ ಮಾಡಿಸಿದರೆ ಸಾಕು.

ಯುಪಿಐಗೆ ಮಾತ್ರ ಹೆಚ್ಚು ಸಮಯ ಕೊಡಬೇಕು. ಮೊದಲ ಪಾವತಿಯು ಪರಿಚಿತ ಕಿರಾಣಿ ಅಂಗಡಿಯಲ್ಲಿ 10 ರೂಪಾಯಿಯದ್ದಾಗಿರಲಿ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ ಮೇಲೆ ಪರದೆಯಲ್ಲಿ ಕಾಣುವ ಹೆಸರನ್ನು ಗಟ್ಟಿಯಾಗಿ ಓದಿ, ಅದು ಸರಿಯೇ ಎಂದು ಅಂಗಡಿಯವರನ್ನು ಕೇಳಿದ ನಂತರವೇ ಪಿನ್ ಒತ್ತುವುದು ರೂಢಿಯಾಗಬೇಕು. ಈ ಹೊತ್ತಿನಲ್ಲಿ ಕಲಿಸುವವರ ಕೈ ತಾನಾಗಿ ಫೋನಿನತ್ತ ಚಾಚುತ್ತದೆ. ಅದನ್ನು ತಡೆದುಕೊಳ್ಳುವುದೇ, ನಿಜ ಹೇಳಬೇಕೆಂದರೆ, ಪಾಠದ ಕಠಿಣ ಭಾಗ. ಪಿನ್ ಒತ್ತುವಾಗ ನೀವು ಬೇರೆ ಕಡೆ ಮುಖ ತಿರುಗಿಸಿ, ಅದು ಮನೆಯವರಿಗೂ ಹೇಳುವಂಥದ್ದಲ್ಲ ಎಂಬುದನ್ನು ನಿಮ್ಮ ನಡೆಯಿಂದಲೇ ತೋರಿಸಿ.

ನಮ್ಮ ಖಾತೆಗೆ ಹಣ ಬರಲು ಪಿನ್ ಬೇಕಿಲ್ಲ. ಬಹುಮಾನ ಬಂದಿದೆಯೆಂದು ಹೇಳಿ ಪಿನ್ ಒತ್ತಿಸುವ ಕರೆಯನ್ನು ತರಗತಿಯಲ್ಲೇ ಅಭಿನಯಿಸಿ, ಕರೆಯನ್ನು ಕಡಿದುಹಾಕುವುದನ್ನೂ, ಹಣ ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಬ್ಯಾಂಕಿಗೂ ತಿಳಿಸುವುದನ್ನೂ ಕಲಿಸಬೇಕು.