ಸೆಂಟೋಸಾದಲ್ಲಿ ಒಂದೇ ದಿನ: ಮೊದಲ ಸಲ ಹೋಗುವವರು ತಯಾರಿ ಮಾಡಿಕೊಳ್ಳುವುದು ಹೇಗೆ?

ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನಿಂದ ಸಿಂಗಪುರಕ್ಕೆ ಹೊರಡುವ ಕುಟುಂಬಗಳಿಗೆ ಲೆಕ್ಕವಿಲ್ಲ. ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆಯ ಹಾದಿ, ಮೂರೋ ನಾಲ್ಕೋ ದಿನಗಳ ಪ್ರವಾಸ. ಅದರಲ್ಲಿ ಒಂದು ದಿನ ಸೆಂಟೋಸಾ ದ್ವೀಪದ ಯೂನಿವರ್ಸಲ್ ಸ್ಟುಡಿಯೋಸ್ ಎಂಬ ಥೀಮ್ ಪಾರ್ಕಿಗೆ ಎಂದು ಮಕ್ಕಳು ಮೊದಲೇ ತೀರ್ಮಾನಿಸಿರುತ್ತಾರೆ. ಆದರೆ ದುಬಾರಿ ಟಿಕೆಟ್ ಕೊಂಡು ಒಳಗೆ ಹೋದ ಮೇಲೆ ಬಿಸಿಲಿನಲ್ಲಿ ಸಾಲು ನಿಂತು, ಮಧ್ಯಾಹ್ನ ಮಳೆಗೆ ಸಿಕ್ಕಿ, ಸಂಜೆ ನಾಲ್ಕೇ ರೈಡ್ ಹತ್ತಿ ಹೊರಬರುವವರೂ ಕಡಿಮೆಯಿಲ್ಲ. ಅಲ್ಲಿ ಏನೇನಿದೆ ಎಂಬ ಪಟ್ಟಿ ಎಲ್ಲರ ಬಳಿಯೂ ಇರುತ್ತದೆ; ಯಾವುದನ್ನು ಯಾವ ಹೊತ್ತಿನಲ್ಲಿ ನೋಡಬೇಕು ಎಂಬುದನ್ನು ಯೋಚಿಸಿರುವವರು ಕಡಿಮೆ. ನನ್ನ ಮಟ್ಟಿಗೆ ಅಲ್ಲಿನ ದಿನವನ್ನು ಹೊಂದಿಸಿಕೊಳ್ಳಲು ಇರುವ ಮುಖ್ಯ ಸೂತ್ರ ಒಂದೇ: ಮೇಲೆ ಸೂರು ಇಲ್ಲದ ರೈಡ್‌ಗಳು ಬೆಳಿಗ್ಗೆ, ಸೂರಿನಡಿಯವು ಮಧ್ಯಾಹ್ನ. ಏಕೆ ಎಂಬುದು ಮುಂದೆ ತಿಳಿಯುತ್ತದೆ.

ಮೊದಲು ಜಾಗವನ್ನು ಅರಿಯಿರಿ

ಯೂನಿವರ್ಸಲ್ ಇರುವ ರೆಸಾರ್ಟ್ಸ್ ವರ್ಲ್ಡ್ ಸೆಂಟೋಸಾ ಎಂಬ ದೊಡ್ಡ ಮನರಂಜನಾ ಸಂಕೀರ್ಣ 2010ರಲ್ಲಿ ಬಾಗಿಲು ತೆರೆಯಿತು. ಇದರ ವಿಸ್ತಾರ ಸುಮಾರು 49 ಹೆಕ್ಟೇರ್, ಅಂದರೆ ನಮ್ಮ ಲಾಲ್‌ಬಾಗ್‌ನ ಅರ್ಧದಷ್ಟು. ಹೋಟೆಲುಗಳು, ಕ್ಯಾಸಿನೊ, ಓಷನೇರಿಯಂ ಎಂಬ ಮತ್ಸ್ಯಾಲಯ, ಅಡ್ವೆಂಚರ್ ಕೋವ್ ಎಂಬ ವಾಟರ್ ಪಾರ್ಕ್ ಇವೆಲ್ಲ ಅದರೊಳಗೇ ಇವೆ. ಯೂನಿವರ್ಸಲ್ ಸ್ಟುಡಿಯೋಸ್ ಇವುಗಳಲ್ಲಿ ಒಂದು ಭಾಗ ಮಾತ್ರ. ಸುಮಾರು 20 ಹೆಕ್ಟೇರ್ ಜಾಗದಲ್ಲಿ ಒಂದು ಕೊಳದ ಸುತ್ತ ಏಳು ವಿಭಾಗಗಳಾಗಿ ಹರಡಿಕೊಂಡಿದೆ. ಹಾಲಿವುಡ್ ವಿಭಾಗದ ಮೂಲಕ ಒಳಗೆ ಹೋದರೆ ಬಲಕ್ಕೆ ನ್ಯೂಯಾರ್ಕ್, ಮುಂದೆ ಕ್ರಮವಾಗಿ ಸೈ-ಫೈ ಸಿಟಿ, ಪ್ರಾಚೀನ ಈಜಿಪ್ಟ್, ಲಾಸ್ಟ್ ವರ್ಲ್ಡ್, ಫಾರ್ ಫಾರ್ ಅವೇ, ಕೊನೆಯಲ್ಲಿ ಮಿನಿಯನ್ ಲ್ಯಾಂಡ್ ಬರುತ್ತವೆ. ಒಂದು ಸುತ್ತು ಹಾಕಿದರೆ ಹೊರಟಲ್ಲಿಗೇ ಬಂದು ಸೇರುತ್ತೀರಿ. ದಾರಿ ತಪ್ಪುವ ಭಯವಿಲ್ಲ.

ಬಿಡದಿಯ ವಂಡರ್‌ಲಾಗೆ ಹೋಗಿ ಬಂದ ಮಕ್ಕಳು ಇಲ್ಲಿಯೂ ಒಂದೇ ಟಿಕೆಟ್‌ನಲ್ಲಿ ನೀರಾಟವೂ ಸಿಗುತ್ತದೆ ಎಂದುಕೊಂಡು ಈಜುಡುಗೆ ಹಿಡಿದು ಹೊರಡುವುದುಂಟು. ಇಲ್ಲಿ ಹಾಗಿಲ್ಲ. ವಾಟರ್ ಪಾರ್ಕ್ ಬೇರೆ, ಮತ್ಸ್ಯಾಲಯ ಬೇರೆ, ಮೂರಕ್ಕೂ ಮೂರು ಟಿಕೆಟ್. ಒಂದೇ ದಿನದಲ್ಲಿ ಮೂರನ್ನೂ ಮುಗಿಸುವ ಆಸೆಯನ್ನು ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ಯೂನಿವರ್ಸಲ್‌ಗೆ ಒಂದು ಪೂರ್ತಿ ದಿನ ಬೇಕು. ಓಷನೇರಿಯಂಗೆ ಅರ್ಧ ದಿನ ಸಾಕು. ಅದನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳಬಹುದು. ರೈಡ್ ಹತ್ತಲು ಒಲ್ಲದ ಅಜ್ಜ-ಅಜ್ಜಿ ಜೊತೆಗಿದ್ದರೆ, ಅವರಿಗೂ ಯೂನಿವರ್ಸಲ್‌ನ ಟಿಕೆಟ್ ಕೊಂಡು ಬಿಸಿಲಿನಲ್ಲಿ ಬೆಂಚು ಕಾಯಿಸುವುದಕ್ಕಿಂತ ಪಕ್ಕದಲ್ಲೇ ಇರುವ ಓಷನೇರಿಯಂನ ತಂಪಿನಲ್ಲಿ ಮೀನು ನೋಡಲು ಬಿಡುವುದು ಹಣಕ್ಕೂ ಮೊಣಕಾಲಿಗೂ ಹಿತ.

ಇನ್ನೊಂದು ಎಚ್ಚರಿಕೆ ಓದುವ ವಿಷಯದಲ್ಲಿ. ಪ್ರವಾಸ ಯೋಜಿಸುವಾಗ ನೀವು ನೋಡುವ ಮಾಹಿತಿಯಲ್ಲಿ ಮಡಗಾಸ್ಕರ್ ವಿಭಾಗದ ದೋಣಿ ಸವಾರಿಯೋ ಎಸ್‌.ಇ.ಎ. ಅಕ್ವೇರಿಯಂ ಎಂಬ ಹೆಸರೋ ಕಂಡರೆ ಅದು ಹಳೆಯದು ಎಂದು ತಿಳಿಯಿರಿ. ಮಡಗಾಸ್ಕರ್ ಇದ್ದ ಜಾಗದಲ್ಲಿ 2025ರ ಫೆಬ್ರುವರಿಯಲ್ಲಿ ಮಿನಿಯನ್ ಲ್ಯಾಂಡ್ ಬಂದಿದೆ. ಅಕ್ವೇರಿಯಂ ಅದೇ ವರ್ಷದ ಜುಲೈನಲ್ಲಿ ಮೂರು ಪಟ್ಟು ಹಿಗ್ಗಿ ಓಷನೇರಿಯಂ ಆಗಿದೆ.

ದಿನವನ್ನು ಆರಿಸುವುದು

ಇಲ್ಲಿ ಕರ್ನಾಟಕದವರಿಗೆ ಒಂದು ಅನುಕೂಲವಿದೆ. ನಮ್ಮ ಶಾಲೆಗಳಿಗೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ರಜೆ. ಸಿಂಗಪುರದ ಶಾಲೆಗಳಿಗೆ ದೊಡ್ಡ ರಜೆಗಳು ಬರುವುದು ಜೂನ್ ತಿಂಗಳಿನಲ್ಲಿ ಮತ್ತು ನವೆಂಬರ್ ಕೊನೆಯಿಂದ ಡಿಸೆಂಬರ್ ಮುಗಿಯುವವರೆಗೆ. ಹಾಗಾಗಿ ಏಪ್ರಿಲ್ ಮಧ್ಯದಿಂದ ಮೇ ಮೂರನೆಯ ವಾರದೊಳಗೆ, ವಾರದ ನಡುವಿನ ಮಂಗಳವಾರ, ಬುಧವಾರ ಅಥವಾ ಗುರುವಾರ ಹೋದರೆ ಸ್ಥಳೀಯ ಮಕ್ಕಳು ತರಗತಿಯಲ್ಲಿರುವಾಗ ನಿಮ್ಮ ಮಕ್ಕಳು ಸಾಲಿನ ಮುಂದಿರುತ್ತಾರೆ. ಮೇ 1ರ ಕಾರ್ಮಿಕ ದಿನ ಮತ್ತು ಮೇ ತಿಂಗಳಲ್ಲಿ ಬರುವ ವೇಸಾಕ್, ಅಂದರೆ ನಮ್ಮ ಬುದ್ಧ ಪೂರ್ಣಿಮೆ, ಅಲ್ಲಿಯೂ ಸಾರ್ವಜನಿಕ ರಜೆ. ಆ ದಿನಗಳನ್ನು ಬಿಟ್ಟುಬಿಡಿ. ದಸರಾ ರಜೆಯಲ್ಲಿ ಹೋಗುವವರು ಇನ್ನೊಂದು ವಿಷಯ ಗಮನಿಸಬೇಕು: ಆ ಹೊತ್ತಿಗೆ ಅಲ್ಲಿ ಹ್ಯಾಲೋವೀನ್ ಭೂತ-ಪ್ರೇತಗಳ ರಾತ್ರಿ ಕಾರ್ಯಕ್ರಮ ನಡೆಯುತ್ತಿರುತ್ತದೆ. ಅದಕ್ಕೆ ಪ್ರತ್ಯೇಕ ಟಿಕೆಟ್, ಮತ್ತು ಅದು ಇರುವ ದಿನಗಳಲ್ಲಿ ಹಗಲಿನ ಪಾರ್ಕ್ ಬೇಗ ಮುಚ್ಚುತ್ತದೆ.

ಪಾರ್ಕ್ ತೆರೆಯುವ ಮತ್ತು ಮುಚ್ಚುವ ಹೊತ್ತು ದಿನದಿಂದ ದಿನಕ್ಕೆ ಬದಲಾಗುವುದರಿಂದ ವಿಮಾನದ ಟಿಕೆಟ್ ಕೊಳ್ಳುವ ಮುಂಚೆಯೇ ಅವರ ಜಾಲತಾಣದ ಕ್ಯಾಲೆಂಡರ್ ನೋಡಿ. ದುರಸ್ತಿಗೆಂದು ಮುಚ್ಚಿರುವ ರೈಡ್‌ಗಳ ಪಟ್ಟಿಯೂ ಅಲ್ಲೇ ಸಿಗುತ್ತದೆ. ಮಗ ವರ್ಷವಿಡೀ ಕನಸು ಕಂಡ ರೋಲರ್ ಕೋಸ್ಟರ್ ಬಾಗಿಲು ಹಾಕಿದೆ ಎಂಬುದನ್ನು ಬೆಂಗಳೂರಿನಲ್ಲಿ ಕುಳಿತು ತಿಳಿದುಕೊಳ್ಳುವುದಕ್ಕೂ ಅದರ ಬುಡದಲ್ಲಿ ನಿಂತು ತಿಳಿದುಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಗೋಡೆಗೆ ಒರಗಿಸಿ ಅಳೆಯಿರಿ

ಮಕ್ಕಳ ವಯಸ್ಸನ್ನು ಟಿಕೆಟ್ ಕೊಡುವವರು ಕೇಳುತ್ತಾರೆ. ರೈಡ್ ನಡೆಸುವವರು ನೋಡುವುದು ಎತ್ತರವನ್ನು. ನಾಲ್ಕು ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಡ, 4ರಿಂದ 12 ವರ್ಷದವರಿಗೆ ಮಕ್ಕಳ ದರ. ಆದರೆ ಒಳಗೆ ಪ್ರತಿ ರೈಡ್‌ನ ಬಾಗಿಲಲ್ಲೂ ಒಂದು ಅಳತೆಕೋಲು ಇರುತ್ತದೆ, ಅಲ್ಲಿ ಯಾರ ಕಾಕುಳತಿಯೂ ನಡೆಯುವುದಿಲ್ಲ. ಆದ್ದರಿಂದ ಮನೆಯಲ್ಲೇ ಮಗುವನ್ನು ಬರಿಗಾಲಿನಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ, ಪೆನ್ಸಿಲ್‌ನಿಂದ ಗೀಟೆಳೆದು ಅಳೆಯಿರಿ. ಪರಸ್ಪರ ಡಿಕ್ಕಿ ಹೊಡೆಯುವಂತೆ ಓಡುವ ಎರಡು ಹಳಿಗಳ ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ ಕೋಸ್ಟರ್‌ಗೆ ಕನಿಷ್ಠ 125 ಸೆಂ.ಮೀ., ಕತ್ತಲಲ್ಲಿ ಓಡುವ ರಿವೆಂಜ್ ಆಫ್ ದಿ ಮಮ್ಮಿಗೆ 122, ದುಂಡು ದೋಣಿಯಲ್ಲಿ ಕೂರಿಸಿ ನೀರಲ್ಲಿ ತೇಲಿಸುವ ಜುರಾಸಿಕ್ ಪಾರ್ಕ್ ರ‍್ಯಾಪಿಡ್ಸ್‌ಗೆ 107, ಟ್ರಾನ್ಸ್‌ಫಾರ್ಮರ್ಸ್‌ಗೆ 102, ಕ್ಯಾನಪಿ ಫ್ಲೈಯರ್ ಮತ್ತು ಎನ್‌ಚಾಂಟೆಡ್ ಏರ್‌ವೇಸ್‌ಗೆ 92 ಸೆಂ.ಮೀ. ಎತ್ತರ ಬೇಕು. ಹೀಗೆ ಅಳೆದ ಮೇಲೆ ನಿಮ್ಮ ಮನೆಯ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ. ಎರಡನೆಯ ಮಗು ಒಂದೆರಡು ಸೆಂಟಿಮೀಟರ್ ಕಡಿಮೆ ಇದ್ದರೆ ಆ ಸುದ್ದಿಯನ್ನು ಮನೆಯಲ್ಲೇ ಹೇಳಿ ಸಮಾಧಾನ ಮಾಡಿ. ಸಾಲಿನ ತುದಿಯಲ್ಲಿ ಆಗುವ ಅಳು ಮನೆಮಂದಿಯ ದಿನವನ್ನೇ ಕೆಡಿಸುತ್ತದೆ. ಒಂದು ಮಗು ಹತ್ತಬಹುದು, ಇನ್ನೊಂದು ಹತ್ತಲಾಗದು ಎಂದಾದಾಗ ಅಪ್ಪ-ಅಮ್ಮ ಸರದಿಯಂತೆ ಹೋಗಿಬರಲು ಅವಕಾಶ ಉಂಟು. ಹೇಗೆಂದು ರೈಡ್‌ನ ಬಾಗಿಲಲ್ಲಿರುವ ಸಿಬ್ಬಂದಿಯನ್ನೇ ಕೇಳಿ.

ಟಿಕೆಟ್, ಎಕ್ಸ್‌ಪ್ರೆಸ್ ಮತ್ತು ಜಾಣತನ

ವಯಸ್ಕರ ಒಂದು ದಿನದ ಟಿಕೆಟ್ 80 ಸಿಂಗಪುರ ಡಾಲರ್‌ನ ಆಸುಪಾಸಿನಲ್ಲಿದೆ. ದಿನಾಂಕ ನಮೂದಿಸಿ ಮೊದಲೇ ಕೊಂಡುಕೊಂಡರೆ ಗೇಟಿನ ಬಳಿಯ ಟಿಕೆಟ್ ಸಾಲು ತಪ್ಪುತ್ತದೆ. ಉದ್ದ ಸಾಲುಗಳನ್ನು ದಾಟಿಸುವ ಎಕ್ಸ್‌ಪ್ರೆಸ್ ಪಾಸ್‌ಗೆ ಪ್ರತ್ಯೇಕ ದರವಿದ್ದು, ಜನಸಂದಣಿಗೆ ತಕ್ಕಂತೆ ಏರಿಳಿಯುತ್ತದೆ. ವಾರದ ನಡುವೆ, ಅಲ್ಲಿನ ಶಾಲೆಗಳು ನಡೆಯುತ್ತಿರುವಾಗ ಹೋಗುವ ನಾಲ್ವರ ಕುಟುಂಬ ಅದಕ್ಕೆ ಮುಂಗಡ ಹಣ ಸುರಿಯಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಶನಿವಾರವೋ ಡಿಸೆಂಬರ್‌ನಲ್ಲೋ ಹೋಗುವುದು ಅನಿವಾರ್ಯವಾದರೆ ಮಾತು ಬೇರೆ. ದೊಡ್ಡ ಮಕ್ಕಳಿಗೆ ಬಿಟ್ಟಿಯಾಗಿ ಸಿಗುವ ಉಪಾಯವೊಂದಿದೆ: ಕೆಲವು ಮುಖ್ಯ ರೈಡ್‌ಗಳಲ್ಲಿ ಒಬ್ಬಂಟಿ ಸವಾರರಿಗೆಂದೇ ಬೇರೆ ಸಾಲು ಇರುತ್ತದೆ. ಜೊತೆಯಲ್ಲಿ ಕೂರಲೇಬೇಕೆಂಬ ಹಟ ಬಿಟ್ಟರೆ, ಖಾಲಿ ಉಳಿದ ಬಿಡಿ ಸೀಟುಗಳಲ್ಲಿ ಬೇಗ ಹತ್ತಿಬಿಡಬಹುದು.

ವೀಸಾವನ್ನು ಅಧಿಕೃತ ಏಜೆಂಟರ ಮೂಲಕ ಪಡೆಯಬೇಕು; ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಬೇಕು. ತಲುಪುವ ದಿನಕ್ಕೆ ಮುಂಚಿನ ಮೂರು ದಿನಗಳೊಳಗೆ ಎಸ್‌ಜಿ ಅರೈವಲ್ ಕಾರ್ಡ್ ಎಂಬ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಸರ್ಕಾರದ ತಾಣದಲ್ಲಿ ಅದು ಉಚಿತ. ಅದಕ್ಕೂ ಶುಲ್ಕ ಕೇಳುವ ತಾಣ ಕಂಡರೆ ನೀವು ತಪ್ಪು ಜಾಗದಲ್ಲಿದ್ದೀರಿ.

ಉಳಿಯುವುದು ಎಲ್ಲಿ, ತಲುಪುವುದು ಹೇಗೆ

ದ್ವೀಪದ ಹೋಟೆಲುಗಳು ಚೆಂದವಾಗಿವೆ, ಆದರೆ ಒಂದು ದಿನದ ಭೇಟಿಗೆ ಅಲ್ಲೇ ಉಳಿಯಬೇಕೆಂದೇನೂ ಇಲ್ಲ. ಇಡ್ಲಿ-ದೋಸೆ ಬಿಟ್ಟಿರಲಾರದ ಕುಟುಂಬ ಲಿಟಲ್ ಇಂಡಿಯಾದಲ್ಲಿ ಕೋಣೆ ಹಿಡಿಯುವುದು ಹೆಚ್ಚು ಅನುಕೂಲ. ಲಿಟಲ್ ಇಂಡಿಯಾ ನಿಲ್ದಾಣ ಮತ್ತು ಸೆಂಟೋಸಾದ ಹೆಬ್ಬಾಗಿಲಿನಂತಿರುವ ಹಾರ್ಬರ್‌ಫ್ರಂಟ್ ನಿಲ್ದಾಣ ಎರಡೂ ನಾರ್ತ್ ಈಸ್ಟ್ ಮೆಟ್ರೊ ಮಾರ್ಗದಲ್ಲೇ ಇವೆ. ನಕ್ಷೆಯಲ್ಲಿ ಇದು ನೇರಳೆ ಬಣ್ಣದ ಗೆರೆ. ನಡುವೆ ರೈಲು ಬದಲಿಸಬೇಕಾಗಿಲ್ಲ, ಕಾಲು ಗಂಟೆ ಸಾಕು. ಅಲ್ಲಿ ಇಳಿದು, ಮೇಲಿರುವ ವಿವೋಸಿಟಿ ಮಾಲ್‌ನ ಮೂರನೆಯ ಹಂತಕ್ಕೆ ಹೋಗಿ ಸೆಂಟೋಸಾ ಎಕ್ಸ್‌ಪ್ರೆಸ್ ಎಂಬ ಮೋನೋರೈಲು ಹತ್ತಿದರೆ ಮುಂದಿನ ನಿಲ್ದಾಣವೇ ರೆಸಾರ್ಟ್ಸ್ ವರ್ಲ್ಡ್. ಹೋಗುವಾಗ 4 ಡಾಲರ್ ಕೊಡಬೇಕು, ಬರುವಾಗ ಏನೂ ಇಲ್ಲ. ವಿವೋಸಿಟಿಯ ಪಕ್ಕದಿಂದ ಸಮುದ್ರದ ಮೇಲೆ ಕಟ್ಟಿರುವ ಕಾಲುದಾರಿಯಲ್ಲಿ ಉಚಿತವಾಗಿಯೂ ನಡೆದು ಹೋಗಬಹುದು. ಆದರೆ ಬೆಳಿಗ್ಗೆ ಕಾಲುಗಳನ್ನು ಉಳಿಸಿಕೊಳ್ಳುವುದೇ ಲಾಭ.

ಗೇಟು ಸಾಮಾನ್ಯವಾಗಿ ಹತ್ತಕ್ಕೆ ತೆರೆಯುವುದಾದರೆ ನೀವು ಒಂಬತ್ತೂವರೆಗೆ ಅದರ ಮುಂದಿರಬೇಕು. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿನ ಎಂಟು ಗಂಟೆ ನಿಮ್ಮ ಮಕ್ಕಳ ದೇಹಕ್ಕೆ ಬೆಳಗಿನ ಐದೂವರೆ. ಹಾಗಾಗಿ ಬಂದಿಳಿದ ಮರುದಿನವೇ ಯೂನಿವರ್ಸಲ್ ಇಟ್ಟುಕೊಳ್ಳದೆ, ನಡುವೆ ಒಂದು ದಿನ ನಗರ ಸುತ್ತಿ, ಆಮೇಲೆ ಹೋಗುವುದು ವಾಸಿ.

ಸೂರಿನ ಲೆಕ್ಕ

ಸಿಂಗಪುರ ಭೂಮಧ್ಯ ರೇಖೆಗೆ ಬಹಳ ಹತ್ತಿರದಲ್ಲಿರುವುದರಿಂದ ಅಲ್ಲಿ ಬೇಸಿಗೆ, ಚಳಿಗಾಲ ಎಂಬ ಭೇದವಿಲ್ಲ. ವರ್ಷವಿಡೀ ಮಂಗಳೂರಿನ ಮೇ ತಿಂಗಳಂತಹ ಸೆಕೆ. ಏಪ್ರಿಲ್-ಮೇ ತಿಂಗಳಲ್ಲಿ ಎರಡು ಮುಂಗಾರುಗಳ ನಡುವಿನ ಕಾಲವಿದ್ದು, ಬೆಳಗಿನ ಬಿಸಿಲಿಗೆ ಕಾದ ನೆಲದಿಂದ ಮೇಲೇರಿದ ಮೋಡಗಳು ಮಧ್ಯಾಹ್ನದ ನಂತರ ಗುಡುಗು-ಮಿಂಚಿನ ಮಳೆಯಾಗಿ ಸುರಿಯುವುದು ಸಾಮಾನ್ಯ. ಮಿಂಚಿನ ಅಪಾಯವಿದೆ ಎಂದೊಡನೆ ಬಯಲಿನ ರೈಡ್‌ಗಳನ್ನು ನಿಲ್ಲಿಸುತ್ತಾರೆ. ಮಳೆ ಬರದಿದ್ದರೂ, ದೂರದಲ್ಲಿ ಮಿಂಚಿದರೂ ಸಾಕು. ಇದಕ್ಕಾಗಿಯೇ ಮೊದಲು ಹೇಳಿದ ಸೂತ್ರ.

ಮಕ್ಕಳು 125 ಸೆಂ.ಮೀ. ದಾಟಿದ್ದರೆ ಗೇಟು ತೆರೆದೊಡನೆ ಬಲಕ್ಕೆ ತಿರುಗಿ, ನ್ಯೂಯಾರ್ಕ್‌ನಲ್ಲಿ ಫೋಟೊಗೆ ನಿಲ್ಲದೆ, ನೇರ ಸೈ-ಫೈ ಸಿಟಿಗೆ ಹೋಗಿ ಬ್ಯಾಟಲ್‌ಸ್ಟಾರ್‌ನ ಎರಡೂ ಹಳಿಗಳನ್ನು ಮುಗಿಸಿಕೊಳ್ಳಿ. ಕೂತು ಹೋಗುವ ಕೆಂಪು ಹಳಿಗಿಂತ, ಕಾಲು ಜೋತುಬಿಟ್ಟು ತಲೆಕೆಳಗಾಗುವ ನೀಲಿ ಹಳಿಯ ಸಾಲು ಬೇಗ ಬೆಳೆಯುತ್ತದೆ. ಅದನ್ನೇ ಮೊದಲು ಹತ್ತಿ. ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್ಸ್ ಕೈಬೀಸಿ ಕರೆಯುತ್ತದೆ. ಅದು ಸೂರಿನಡಿಯದು, ಮಧ್ಯಾಹ್ನಕ್ಕಿರಲಿ. ಅಲ್ಲಿಂದ ಈಜಿಪ್ಟ್ ದಾಟಿ ಲಾಸ್ಟ್ ವರ್ಲ್ಡ್‌ನ ಕ್ಯಾನಪಿ ಫ್ಲೈಯರ್‌ಗೆ ಹೋಗಿ. ಒಂದು ಸಲಕ್ಕೆ ಕೆಲವೇ ಜನ ಕೂರುವುದರಿಂದ ಅದರ ಸಾಲು ಗಿಡ್ಡವಾಗಿ ಕಂಡರೂ ಆಮೆಯಂತೆ ಸಾಗುತ್ತದೆ, ತಡವಾದಷ್ಟೂ ಕಷ್ಟ. ಅದರ ಹತ್ತಿರವೇ ಇರುವ ರ‍್ಯಾಪಿಡ್ಸ್‌ನಲ್ಲಿ ನೆನೆಯುವುದು ಖಚಿತ. ಊಟಕ್ಕೆ ಮುಂಚೆ, ಬಿಸಿಲಿರುವಾಗಲೇ ನೆಂದರೆ ಬಟ್ಟೆ ಆರಲು ಸಮಯವಿರುತ್ತದೆ. ಮಳೆಯಂಗಿಯನ್ನು ಊರಿನಿಂದಲೇ ಒಯ್ಯಿರಿ, ಅಲ್ಲಿ ಕೊಂಡರೆ ಬೆಲೆ ಜಾಸ್ತಿ.

ಪುಟ್ಟ ಮಕ್ಕಳಿದ್ದವರು ಈ ಸುತ್ತನ್ನು ತಿರುಗಿಸಿ ಹಾಕಬೇಕು. ಹಾಲಿವುಡ್‌ನಿಂದ ಎಡಕ್ಕೆ ಹೊರಳಿ ಮಿನಿಯನ್ ಲ್ಯಾಂಡ್‌ನಿಂದ ಶುರುಮಾಡಿ. ಅದು ಹೊಸದಾದ್ದರಿಂದ ಬಂದವರೆಲ್ಲ ಒಂದಲ್ಲ ಒಂದು ಹೊತ್ತಿಗೆ ಅಲ್ಲಿಗೇ ನುಗ್ಗುತ್ತಾರೆ. ಅಲ್ಲಿಂದ ಫಾರ್ ಫಾರ್ ಅವೇಯ ಎನ್‌ಚಾಂಟೆಡ್ ಏರ್‌ವೇಸ್ ಹತ್ತಬಹುದು. ರೋಲರ್ ಕೋಸ್ಟರ್ ಎಂದರೇನೆಂದು ಮಗುವಿಗೆ ಮೆಲ್ಲಗೆ ಪರಿಚಯಿಸುವ ಸೌಮ್ಯ ಸವಾರಿ ಅದು.

ಮಮ್ಮಿ ಮತ್ತು ಬ್ಯಾಟಲ್‌ಸ್ಟಾರ್‌ಗೆ ಚೀಲ, ಫೋನು ಒಯ್ಯುವಂತಿಲ್ಲ. ಹತ್ತಿರದ ಲಾಕರ್‌ಗಳು ಸ್ವಲ್ಪ ಹೊತ್ತಿಗೆ ಉಚಿತ, ಅವಧಿ ಮೀರಿದರೆ ಹಣ ಕಟ್ಟಬೇಕು. ಆದ್ದರಿಂದ ಸಾಲು ಎಷ್ಟು ಉದ್ದವಿದೆ ಎಂದು ನೋಡಿಕೊಂಡು ಚೀಲ ಇಡಿ.

ಊಟ ಮತ್ತು ಮಧ್ಯಾಹ್ನ

ಹೊರಗಿನ ತಿಂಡಿಯನ್ನು ಪಾರ್ಕಿನೊಳಗೆ ಬಿಡುವುದಿಲ್ಲ. ಬೆಂಗಳೂರಿನಿಂದ ತಂದ ಚಪಾತಿ-ಚಟ್ನಿಪುಡಿಯನ್ನು ಗೇಟಿನ ಹೊರಗೆ ಮುಗಿಸಿಯೇ ಒಳಹೋಗುವುದು ಒಳ್ಳೆಯದು. ಹೊಟ್ಟೆ ತುಂಬಿದ್ದರೆ ಮೊದಲ ಎರಡು ಗಂಟೆ ಯಾರೂ ಊಟದ ಮಾತೆತ್ತುವುದಿಲ್ಲ. (ಚಟ್ನಿಪುಡಿ ತಿಂದ ಕೂಡಲೇ ತಲೆಕೆಳಗಾಗುವ ಕೋಸ್ಟರ್ ಹತ್ತುವುದು ನಿಮ್ಮ ಜವಾಬ್ದಾರಿ.) ಖಾಲಿ ಬಾಟಲಿ ಒಯ್ದರೆ ಕುಡಿಯುವ ನೀರು ತುಂಬಿಸಿಕೊಳ್ಳಬಹುದು, ಸಿಂಗಪುರದಲ್ಲಿ ನಲ್ಲಿಯ ನೀರೇ ಕುಡಿಯಲು ಯೋಗ್ಯ. ಒಳಗೆ ಭಾರತೀಯ ಊಟ ಹುಡುಕುವವರು ಪ್ರಾಚೀನ ಈಜಿಪ್ಟ್ ವಿಭಾಗದ ಓಯಸಿಸ್ ಸ್ಪೈಸ್ ಕೆಫೆಯತ್ತ ನೋಡಬಹುದು. ಸಸ್ಯಾಹಾರಿಗಳು ಮೀನಿನ ಸಾರು, ಸಿಗಡಿ ಪುಡಿ, ಮೊಟ್ಟೆ ಯಾವುದೂ ಬೇಡವೆಂದು ಬಿಡಿಸಿ ಹೇಳಬೇಕು. ಬರೀ 'ವೆಜ್' ಎಂದರೆ ಅಲ್ಲಿ ಎಲ್ಲರಿಗೂ ಒಂದೇ ಅರ್ಥ ಹೊಳೆಯುವುದಿಲ್ಲ. ಎಲ್ಲರೂ ಹನ್ನೆರಡೂವರೆಯಿಂದ ಊಟಕ್ಕೆ ಸಾಲು ನಿಲ್ಲುವುದರಿಂದ ನೀವು ಹನ್ನೊಂದೂವರೆಗೇ ಮುಗಿಸಿ, ಅವರು ಉಣ್ಣುವ ಹೊತ್ತಿನಲ್ಲಿ ರೈಡ್ ಹತ್ತಿ.

ಮಧ್ಯಾಹ್ನ ಆಕಾಶ ಕಪ್ಪಾದಾಗ ನಿಮಗೆ ಮಮ್ಮಿ, ಟ್ರಾನ್ಸ್‌ಫಾರ್ಮರ್ಸ್, ಮಿನಿಯನ್‌ಗಳ ಒಳಾಂಗಣ ಸವಾರಿ ಎಲ್ಲವೂ ಬಾಕಿ ಉಳಿದಿರುತ್ತವೆ. ಮಮ್ಮಿ ಕತ್ತಲೆಯಲ್ಲಿ ಹಠಾತ್ತನೆ ಹಿಂದಕ್ಕೂ ಓಡುವ ಕೋಸ್ಟರ್. ಎತ್ತರ ಸಾಕಷ್ಟಿದ್ದರೂ ಕತ್ತಲೆಗೆ ಹೆದರುವ ಮಗುವನ್ನು ಒತ್ತಾಯಿಸಬೇಡಿ. ವಾಟರ್‌ವರ್ಲ್ಡ್ ಪ್ರದರ್ಶನಕ್ಕೆ ನಿಗದಿತ ಹೊತ್ತುಗಳಿರುತ್ತವೆ. ಒಳಗೆ ಕಾಲಿಟ್ಟಾಗಲೇ ಅಂದಿನ ವೇಳೆ ನೋಡಿಟ್ಟುಕೊಂಡು, ಮುಂದಿನ ಸಾಲುಗಳಲ್ಲಿ ನೀರು ಎರಚುತ್ತದೆ ಎಂಬುದನ್ನು ನೆನಪಿಟ್ಟು ಕುಳಿತುಕೊಳ್ಳಿ.

ಮುಚ್ಚುವ ಹೊತ್ತಿಗೆ ಮುಂಚಿನ ಒಂದು ಗಂಟೆ ಬಹಳ ಬೆಲೆಯುಳ್ಳದ್ದು. ದಣಿದ ಕುಟುಂಬಗಳು ಹೊರಟಿರುತ್ತವೆ, ಸಾಲುಗಳು ಕರಗಿರುತ್ತವೆ. ಮಳೆ ನಿಂತಿದ್ದರೆ ಬೆಳಿಗ್ಗೆ ಇಷ್ಟವಾದ ರೈಡನ್ನು ಇನ್ನೊಮ್ಮೆ ಹತ್ತಬಹುದು. ಫೋಟೊಗಳಿಗೂ ಆಗಲೇ ಒಳ್ಳೆಯ ಬೆಳಕು. ಹಾಲಿವುಡ್ ರಸ್ತೆ ಮತ್ತು ಗೇಟಿನ ಹೊರಗಿನ ತಿರುಗುವ ಭೂಗೋಳ ಎರಡನ್ನೂ ಹೊರಡುವಾಗ ತೆಗೆದುಕೊಂಡರೆ ಸಾಕು, ಬೆಳಗಿನ ಅಮೂಲ್ಯ ಹತ್ತು ನಿಮಿಷ ಅಲ್ಲಿ ಕಳೆಯಬೇಕಿಲ್ಲ. ಪಾರ್ಕ್ ಮುಚ್ಚಿದೊಡನೆ ಮೋನೋರೈಲಿಗೆ ಜನ ಮುಗಿಬೀಳುತ್ತಾರೆ. ಆಗ ಕಾಲಲ್ಲಿ ಇನ್ನೂ ಬಲ ಉಳಿದಿದ್ದರೆ ಆ ಸಮುದ್ರದ ಕಾಲುದಾರಿಯಲ್ಲೇ ಗಾಳಿ ಕುಡಿಯುತ್ತಾ ವಿವೋಸಿಟಿಗೆ ನಡೆದುಬಿಡಿ. ಅಲ್ಲಿಂದ ನೇರಳೆ ಗೆರೆಯ ರೈಲು ಹಿಡಿದರೆ ಲಿಟಲ್ ಇಂಡಿಯಾದ ಹೋಟೆಲಿನಲ್ಲಿ ಬಿಸಿ ದೋಸೆಯ ಹೊತ್ತಿಗೆ ತಲುಪುತ್ತೀರಿ.