ಬಯಲಲ್ಲಿ ಏರ್ ಟ್ರ್ಯಾಕ್ ಹಾಸಿ ಮೂರು ಬೇಸಿಗೆ ದಾಟಿದೆ

"ಸರ, ಇದು ಸೂರಿನ ಕೆಳಗ ಹಾಸೂ ಸಾಮಾನು. ಬಯಲಾಗ ಒಂದು ತಿಂಗಳೂ ಬಾಳಂಗಿಲ್ಲ." ನಮ್ಮ ಏರ್ ಟ್ರ್ಯಾಕ್, ಅಂದರೆ ಜಿಗಿತ, ಪಲ್ಟಿ ಕಲಿಯಲು ಗಾಳಿ ತುಂಬಿ ಹಾಸುವ ಉದ್ದನೆಯ ಗಾದಿ, ನೋಡಿ ಪಕ್ಕದ ತಾಲ್ಲೂಕಿನ ಕೋಚ್ ಒಬ್ಬರು ಹೀಗೆ ಹೇಳಿ ಹೋಗಿದ್ದರು. ಈ ಏಪ್ರಿಲ್‌ನಲ್ಲಿ ಅವರೇ ಬಂದು, ನಮ್ಮ ಹುಡುಗಿಯರು ಅದೇ ಟ್ರ್ಯಾಕಿನ ಮೇಲೆ ಕೈಯೂರಿ ಹೊಡೆಯುವ ಪಲ್ಟಿಗಳಾದ ರೌಂಡ್ ಆಫ್, ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಹೊಡೆಯುವುದನ್ನು ನೋಡಿ, ಅಳತೆ ಬರೆದುಕೊಂಡು ಹೋದರು. ಇನ್ನೂ ನಾಲ್ಕು ಜನರಿಗೆ ಬೇಕಾದೀತು ಎಂದು ಬರೆಯುತ್ತಿದ್ದೇನೆ.

ಗದಗ ಸೀಮೆಯ ಹಳ್ಳಿಯಲ್ಲಿ ಮಲ್ಲಕಂಬ, ಜಿಮ್ನಾಸ್ಟಿಕ್ಸ್ ಎರಡೂ ಕಲಿಸುತ್ತೇನೆ. ನಮಗೆ ಸೂರಿಲ್ಲ, ಬಯಲೇ ಎಲ್ಲ. ಮೊದಲು ಹಾಸುತ್ತಿದ್ದ ಹತ್ತಿ ಗಾದಿಗಳು ಎರಡು ಮಳೆಗೆ ಹೆಂಟೆಗಟ್ಟಿದವು. ಆಮೇಲೆ ತಂದದ್ದು 6 ಮೀಟರ್ ಉದ್ದ, 2 ಮೀಟರ್ ಅಗಲ, 20 ಸೆಂ.ಮೀ. ದಪ್ಪದ ಟ್ರ್ಯಾಕ್. ಗಾಳಿ ತುಂಬುವ ಬ್ಲೋವರ್ ಸೇರಿ 48 ಸಾವಿರದ ಹತ್ತಿರ ಬಿತ್ತು. ಜಾತ್ರಾ ಕಮಿಟಿಯವರು 15 ಸಾವಿರ ಕೊಟ್ಟರು, ಉಳಿದದ್ದು ನನ್ನ ಕೈಯಿಂದ.

ಮೊದಲ ವಾರವೇ ನೆಗ್ಗಿಲ ಮುಳ್ಳು ಕಾಟ ಕೊಟ್ಟಿತು. ಒಂದೇ ತಾಡಪತ್ರಿ ಹಾಸಿದ್ದೆ. ಹುಡುಗರು ಜಿಗಿದ ಭಾರಕ್ಕೆ ಮುಳ್ಳು ಅದನ್ನೂ ದಾಟಿ ಮೇಲೆ ಬಂತು. ಸೋಪಿನ ನೀರು ಸವರಿ ನೋಡಿದರೆ ಹನ್ನೊಂದು ಕಡೆ ಗುಳ್ಳೆ! ಸೈಕಲ್ ಅಂಗಡಿಯ ಸೊಲ್ಯೂಷನ್ ಹಚ್ಚಿ ತೇಪೆ ಹಾಕಿದೆ, ಮಧ್ಯಾಹ್ನದೊಳಗೆ ಎಲ್ಲ ಕಿತ್ತು ಬಂದವು. ಅದು ರಬ್ಬರಿಗೆ ಸರಿ, ಈ ಪಿವಿಸಿ ಬಟ್ಟೆಗೆ ಹಿಡಿಯುವುದಿಲ್ಲ. ಪಿವಿಸಿ ಬಟ್ಟೆಯ ಅಂಟೇ ಬೇಕು. ಗಾಳಿ ಪೂರ್ತಿ ತೆಗೆದು, ಉಜ್ಜು ಕಾಗದದಿಂದ ತಿಕ್ಕಿ, ತೇಪೆಯ ಮೇಲೆ ಬೀಸುವ ಕಲ್ಲು ಹೇರಿ ಒಂದು ದಿನ ಬಿಟ್ಟೆ. ಆ ತೇಪೆಗಳು ಇವತ್ತಿಗೂ ಅಲುಗಿಲ್ಲ.

ಮೇ ತಿಂಗಳಲ್ಲಿ ಆದದ್ದು ಇದಕ್ಕಿಂತ ದೊಡ್ಡ ಪೆಟ್ಟು. ಬೆಳಗಿನ ತಂಪಿನಲ್ಲಿ ಬಿಗಿಯಾಗಿ ಗಾಳಿ ತುಂಬಿ, ಕ್ಲಾಸ್ ಮುಗಿದ ಮೇಲೆ ಹಾಗೇ ಬಿಟ್ಟು ಊಟಕ್ಕೆ ಹೋದೆ. ಹನ್ನೆರಡರ ಸುಮಾರಿಗೆ ಪಟಾಕಿ ಹೊಡೆದಂಥ ಸದ್ದಾಯಿತು. ಪಕ್ಕದ ಬೆಸುಗೆ ಒಂದೂವರೆ ಅಡಿ ಬಿಚ್ಚಿಕೊಂಡಿತ್ತು. ಒಳಗಿನ ದಾರಗಳು ಮೇಲಿನ, ಕೆಳಗಿನ ಬಟ್ಟೆಗಳನ್ನು ದೂರ ಸರಿಯಲು ಬಿಡುವುದಿಲ್ಲ, ಕಾದ ಗಾಳಿಗೆ ಹಿಗ್ಗಲು ಜಾಗವಿಲ್ಲ, ಒತ್ತಡ ಬೆಸುಗೆಯ ಮೇಲೆ ಬೀಳುತ್ತದೆ. ಪುಣ್ಯಕ್ಕೆ ಮಕ್ಕಳು ಯಾರೂ ಹತ್ತಿರ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಲಾರಿ ತಾಡಪತ್ರಿಗೆ ಬಿಸಿಗಾಳಿ ಬೆಸುಗೆ ಹಾಕುವವರ ಹತ್ತಿರ ಒಯ್ದೆ. ಬಸ್ ಚಾರ್ಜು, ಕೂಲಿ ಎಲ್ಲ ಸೇರಿ ನಾಲ್ಕೂವರೆ ಸಾವಿರ ಹೋಯಿತು.

ಈಗ ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೆ ಹಾಸಿ, ಎಂಟೂವರೆಗೆ ಗಾಳಿ ಬಿಟ್ಟು ಸುತ್ತಿಡುತ್ತೇವೆ. ಮತ್ತೆ ಸಂಜೆ ಐದೂವರೆಯ ನಂತರವೇ. ಮೊದಲು ಟ್ರ್ಯಾಕಿನ ಮೇಲೆ ನನ್ನ ಅಂಗೈ ಇಟ್ಟು ಹತ್ತು ಎಣಿಸುತ್ತೇನೆ. ಅಷ್ಟು ಹೊತ್ತು ನನಗೇ ತಾಳದಿದ್ದರೆ ಮಕ್ಕಳ ಅಂಗಾಲಿಗೆ ಹೇಗೆ ತಾಳೀತು? ಗಾಳಿಯ ಅಳತೆಗೆ ಮೀಟರ್ ನಂಬಿ ಕೂರುವುದಿಲ್ಲ. ಮೂವತ್ತು ಕೆ.ಜಿ. ತೂಕದ ಹುಡುಗಿ ನಡುವೆ ಮೊಣಕಾಲೂರಿದರೆ ಎರಡು ಬೆರಳು ತಗ್ಗಬೇಕು. ಬಿಸಿಲು ಏರಿದಂತೆ ನಡುನಡುವೆ ವಾಲ್ವ್ ಒತ್ತಿ ಸ್ವಲ್ಪ ಬಿಡುತ್ತೇನೆ.

ನೆಲಕ್ಕೆ ಗರಸು ಹಾಕಿ, ಮೇಸ್ತ್ರಿಯ ನೀರಿನ ಪೈಪಿನಿಂದ ಮಟ್ಟ ನೋಡಿ, ಧಿಮ್ಮಸು ಮಾಡಿ, ಸಗಣಿ ಸಾರಿಸಿದೆವು. ಸಾರಿಸಿದ ನೆಲದ ಮೇಲೆ ಮುಳ್ಳು ದೂರದಿಂದಲೇ ಕಾಣುತ್ತದೆ, ಹುಡುಗರು ಸಾಲಾಗಿ ಕೂತು ಆರಿಸುತ್ತಾರೆ. ಮೇಲೆ ಎರಡು ತಾಡಪತ್ರಿ, ನಡುವೆ ಗೋಣಿಚೀಲ. ಹಳೆ ಗಾದಿಗಳ ಹತ್ತಿ ಹಿಂಜಿಸಿ ಮತ್ತೆ ಹೊಲಿಸಿ, ಸುತ್ತ ಅಂಚಿಗೆ ಹಾಸಿದೆ. ಟ್ರ್ಯಾಕ್ ಅಡ್ಡಕ್ಕೆ ಎಸೆದಾಗ ಮಗು ಬೀಳುವುದು ಅಲ್ಲಿಯೇ. ಮೇಲೆ ಒಂದು ಸಲಕ್ಕೆ ಒಬ್ಬರೇ. ಚಳಿಗಾಲದಲ್ಲಿ ಇಬ್ಬನಿ ಒರೆಸದೆ ಯಾರನ್ನೂ ಹತ್ತಿಸುವುದಿಲ್ಲ.

ಆಷಾಢದ ಗಾಳಿಯ ವಿಷಯ ಬೇರೆ. ಮೊದಲ ವರ್ಷ ತುಂಬಿದ ಟ್ರ್ಯಾಕನ್ನು ಗಾಳಿ ಎತ್ತಿ ಬೇವಿನ ಮರಕ್ಕೆ ಒರಗಿಸಿತ್ತು. ಈಗ ನಾಲ್ಕೂ ಮೂಲೆಗೆ ಉಸುಕಿನ ಚೀಲ ಕಟ್ಟುತ್ತೇವೆ. ಕಬ್ಬಿಣದ ಗೂಟ ಬೇಡ, ಬಿದ್ದವರಿಗೆ ಚುಚ್ಚುತ್ತದೆ. ಹಗ್ಗ ಕಟ್ಟುವ ನನ್ನದೊಂದು ಬಗೆ ಇದೆ, ಅದನ್ನು ಬಂದು ನೋಡಿದವರಿಗಷ್ಟೇ ತೋರಿಸುವೆ.

ಖರ್ಚು ಉಳಿಸಲೆಂದು ಲಾರಿ ಟ್ಯೂಬುಗಳ ಮೇಲೆ ಪ್ಲೈವುಡ್ ಹಾಕಿಯೂ ನೋಡಿದ್ದೆ. ಪುಟಿತವೇನೋ ಚೆನ್ನಾಗಿತ್ತು, ಆದರೆ ಒಬ್ಬನ ಕಾಲು ಸಂದಿಗೆ ಸಿಕ್ಕಿತು. ಅದೇ ದಿನ ಕಿತ್ತು ಹಾಕಿದೆ. ಮಲ್ಲಕಂಬದಿಂದ ನೇರ ಏರ್ ಟ್ರ್ಯಾಕಿಗೆ ಇಳಿಸಿದ್ದು ನನ್ನ ದೊಡ್ಡ ತಪ್ಪು. ಎತ್ತರದಿಂದ ಬಂದವನನ್ನು ಅದು ಮತ್ತೆ ಮೇಲಕ್ಕೆಸೆಯುತ್ತದೆ. ಒಳ್ಳೆಯ ಹುಡುಗನೊಬ್ಬ ಕಾಲು ಉಳುಕಿಸಿಕೊಂಡು ಮೂರು ವಾರ ಮನೆಯಲ್ಲಿ ಕೂತ. ಅವನ ತಾಯಿಯ ಮುಂದೆ ನಿಂತದ್ದು ನನಗಿನ್ನೂ ನೆನಪಿದೆ. ಈಗ ಗಾಳಿ ತಗ್ಗಿಸಿ, ಮೇಲೆ ಸ್ಪಂಜ್ ಹಾಕಿ ನಾನೇ ಇಳಿದು ನೋಡುತ್ತಿದ್ದೇನೆ. ಆ ಲೆಕ್ಕ ಇನ್ನೊಂದು ವರ್ಷ ಕೈಯಲ್ಲಿ ಪಳಗುವವರೆಗೆ ಯಾರಿಗೂ ಹೇಳುವುದಿಲ್ಲ.

ಮೂರು ವರ್ಷದಲ್ಲಿ ರಿಪೇರಿ, ನೆಲ, ತಾಡಪತ್ರಿ ಎಲ್ಲ ಸೇರಿ ಇನ್ನೊಂದು 14 ಸಾವಿರ ಹೋಗಿರಬೇಕು. ದೀಪಾವಳಿಗೆ ಚಿಕ್ಕ ಮಕ್ಕಳಿಗಾಗಿ 3 ಮೀಟರಿನದು, 10 ಸೆಂ.ಮೀ. ದಪ್ಪದ್ದು ತರುವವನಿದ್ದೇನೆ. ಅಂಗಡಿಯವರು 19 ಸಾವಿರ ಅಂದಿದ್ದಾರೆ, ನಾನು 16ಕ್ಕೆ ಕೇಳಿದ್ದೇನೆ.