ಖಾತೆಗೆ ಬಿದ್ದ ಷೇರಿನ ಅಸಲು ಎಷ್ಟು?

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿರುವ ವಾಲ್‌ಮಾರ್ಟ್, ಟಾರ್ಗೆಟ್‌ನಂಥ ಅಮೆರಿಕದ ಚಿಲ್ಲರೆ ಮಾರಾಟ ಕಂಪನಿಗಳ ಕಚೇರಿ ಸೇರಿದವರು ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಕಾಲಕ್ಕೆ ಊರಿಗೆ ಬಂದಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಷೇರು ಮಾರಿಯೇ ಇಲ್ಲ, ತೆರಿಗೆ ಏಕೆ ಹಿಡಿದರು?’

ನೇಮಕದ ಜೊತೆ ಬರುವ ಆರ್‌ಎಸ್‌ಯು (ಮುಂದೆ ಕಂತುಗಳಲ್ಲಿ ಷೇರು ಕೊಡುವ ಭರವಸೆ) ಪತ್ರದಲ್ಲಿ 4 ವರ್ಷಕ್ಕೆ 240 ಯೂನಿಟ್ ಎಂದು ಬರೆದಿದ್ದರೆ ಅದು ಬರೀ ಮಾತು. ಆ ದಿನ ತೆರಿಗೆಯೂ ಇಲ್ಲ, ಷೇರೂ ಇಲ್ಲ. ವರ್ಷ ತುಂಬಿ 60 ಯೂನಿಟ್ ವೆಸ್ಟ್ ಆದ, ಅಂದರೆ ನಿಮ್ಮ ಹಕ್ಕಾದ ದಿನ ಅವು ಷೇರುಗಳಾಗಿ ನಿಮ್ಮ ಹೆಸರಿಗೆ ಬೀಳುತ್ತವೆ, ಮತ್ತು ಅಂದಿನ ಪೂರ್ತಿ ಬೆಲೆ ಸಂಬಳವೆಂದೇ ಲೆಕ್ಕವಾಗುತ್ತದೆ. ಇಸಾಪ್, ಅಂದರೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಅವಕಾಶವಾದರೆ, ಆ ಬೆಲೆ ಕೊಟ್ಟು ಷೇರು ಪಡೆದ ದಿನ, ಮಾರುಕಟ್ಟೆ ಬೆಲೆಗೂ ನೀವು ಕೊಟ್ಟದ್ದಕ್ಕೂ ಇರುವ ವ್ಯತ್ಯಾಸವಷ್ಟೇ ಸಂಬಳಕ್ಕೆ ಸೇರುತ್ತದೆ.

ವೆಸ್ಟ್ ಆದಾಗ ಸಿಗುವ ಲೆಕ್ಕದ ಒಂದು ಚೀಟಿಯನ್ನು ಬಿಡಿಸಿ ನೋಡೋಣ. ಷೇರಿಗೆ 100 ಡಾಲರ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಂಡರೆ 60 ಷೇರಿಗೆ 5,10,000 ರೂಪಾಯಿ. ಸೆಸ್ ಸೇರಿ ಶೇ 31.2ರಂತೆ ತೆರಿಗೆ 1,59,120. ಅದಕ್ಕಾಗಿ ಕಂಪನಿ 19 ಷೇರು ಮಾರಿ ನಿಮಗೆ 41 ಉಳಿಸುತ್ತದೆ. ಕೈಗೆ ಬಿಡಿಗಾಸು ಬಾರದೆ ಆದಾಯ ಮಾತ್ರ 5 ಲಕ್ಷ ಏರಿದ್ದನ್ನು ಕಂಡು ಗಾಬರಿಯಾಗುವುದು ಸಹಜವೇ. ತೆರಿಗೆಗೆಂದು ಮಾರಿದ ಆ 19 ಕೂಡ ರಿಟರ್ನ್‌ನಲ್ಲಿ ಮಾರಾಟವೆಂದೇ ಕಾಣಬೇಕು.

ನಿಜವಾದ ನಷ್ಟ ಆಗುವುದು ಮುಂದೆ. ಮಂಡಿಪೇಟೆಯ ವ್ಯಾಪಾರಿ ಅಸಲು, ಅಂದರೆ ಕೊಂಡ ಬೆಲೆ, ಬರೆದಿಡದೆ ಒಂದು ಮೂಟೆಯನ್ನೂ ಮಾರುವುದಿಲ್ಲ. ಷೇರು ಪುಕ್ಕಟೆ ಬಂದಿತೆಂದುಕೊಂಡ ಉದ್ಯೋಗಿ ಮಾತ್ರ ಅಸಲಿನ ಜಾಗದಲ್ಲಿ ಸೊನ್ನೆ ಬರೆಯುತ್ತಾನೆ. ಆ 41 ಷೇರುಗಳನ್ನು ಮುಂದೆ, ಡಾಲರ್ ದರ ಅಷ್ಟೇ ಇದ್ದಾಗ, 110 ಡಾಲರಿಗೆ ಮಾರಿದರೆ ಲಾಭ 34,850 ರೂಪಾಯಿ. ಸೊನ್ನೆ ಬರೆದವನ ಲಾಭ 3,83,350! ಒಮ್ಮೆ ಸಂಬಳವಾಗಿ ತೆರಿಗೆ ಕಟ್ಟಿದ ಹಣಕ್ಕೇ ಅವನು ಮತ್ತೆ ಕಟ್ಟುತ್ತಾನೆ. ಅಸಲೆಂದರೆ ವೆಸ್ಟ್ ಆದ ದಿನದ ಬೆಲೆ. ಷೇರು ವಿಭಜನೆಯಾದರೆ ಅಸಲೂ ಒಡೆಯುತ್ತದೆ: 2024ರ ಫೆಬ್ರವರಿಯಲ್ಲಿ ವಾಲ್‌ಮಾರ್ಟ್ 1 ಷೇರನ್ನು 3 ಮಾಡಿದ್ದರಿಂದ, ಅದಕ್ಕೂ ಹಿಂದೆ ಪಡೆದ ಷೇರುಗಳ ಅಸಲನ್ನು ಮೂರರಿಂದ ಭಾಗಿಸಬೇಕು.

ವಿದೇಶಿ ಷೇರನ್ನು 24 ತಿಂಗಳು ದಾಟಿಸಿ ಮಾರಿದರೆ ಲಾಭಕ್ಕೆ ಶೇ 12.5, ಅದಕ್ಕೆ ಮೊದಲಾದರೆ ನಿಮ್ಮ ಸ್ಲ್ಯಾಬಿನ ದರ. ಇಲ್ಲಿಯ ಷೇರುಪೇಟೆಯಲ್ಲಿರುವ ಡಿಮಾರ್ಟ್‌ನಂಥ ಕಂಪನಿಯದಾದರೆ 12 ತಿಂಗಳು ಸಾಕು. ತೆರಿಗೆ ಉಳಿಸಲೆಂದೇ 2 ವರ್ಷ ಕಾಯುವುದು ನನಗೆ ಅಷ್ಟಾಗಿ ಒಪ್ಪಿತವಲ್ಲ, ಏಕೆಂದರೆ ಸಂಬಳವೂ ಉಳಿತಾಯವೂ ಒಂದೇ ಕಂಪನಿಯ ಮೇಲೆ ನಿಲ್ಲುತ್ತವೆ.

ಮಾರದಿದ್ದರೂ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ವಿವರ ಕೇಳುವ ಶೆಡ್ಯೂಲ್ ಎಫ್‌ಎ ತುಂಬಲೇಬೇಕು. ಅದರ ವರ್ಷ ಏಪ್ರಿಲ್‌ನಿಂದಲ್ಲ, ಜನವರಿಯಿಂದ ಡಿಸೆಂಬರ್‌ವರೆಗೆ. ಐಟಿಆರ್-1 ಎಂಬ ಸರಳ ರಿಟರ್ನ್ ಫಾರ್ಮಿನಲ್ಲಿ ಇದಕ್ಕೆ ಜಾಗವಿಲ್ಲ. ಡಿವಿಡೆಂಡಿನಲ್ಲಿ ಅಮೆರಿಕ ಮೊದಲೇ ಹಿಡಿದ ತೆರಿಗೆಯನ್ನು ಇಲ್ಲಿಯ ತೆರಿಗೆಯಿಂದ ಕಳೆಯಲು ಅದಕ್ಕೆಂದೇ ಇರುವ ಫಾರ್ಮ್ ಸಲ್ಲಿಸಬೇಕು. ಕೆಲಸ ಬಿಡುವವರು ಪ್ರತಿ ವೆಸ್ಟಿನ ಚೀಟಿಯನ್ನೂ ಮೊದಲೇ ಇಳಿಸಿಕೊಳ್ಳಲಿ. ಕಚೇರಿಯ ಇಮೇಲ್ ಮುಚ್ಚಿದ ಮೇಲೆ ಅಸಲಿನ ಪುರಾವೆಗಾಗಿ ಅಲೆಯುವುದು ಬಲು ಕಷ್ಟ.